ರೊಕ್ಕ ಕೇಳದ ಕುರ್ಚಿ: ಧಾರವಾಡದ ಒಂದು ಶಾಖಾ ಗ್ರಂಥಾಲಯ

ಧಾರವಾಡದ ಒಂದು ಸಾರ್ವಜನಿಕ ಶಾಖಾ ಗ್ರಂಥಾಲಯವನ್ನು ನಾನು 14 ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದ ಹುಡುಗಿಯಾಗಿ ಮೊದಲು ಅಲ್ಲಿ ಕುಳಿತೆ. ಆಮೇಲೆ ಪ್ರೌಢಶಾಲೆಯ ಶಿಕ್ಷಕಿಯಾಗಿ ಪಾಠದ ತಯಾರಿಗೆ ಹೋದೆ. ಈಗ ಮೂರನೆಯ ಇಯತ್ತೆಯಲ್ಲಿರುವ ಮಗಳ ಕೈ ಹಿಡಿದುಕೊಂಡು ಭಾನುವಾರಗಳಂದು ಹೋಗುತ್ತೇನೆ. ಯಾವ ಖಾನಾವಳಿಯ ರೊಟ್ಟಿ ಮೆತ್ತಗಿರುತ್ತದೆ, ಯಾವ ಅಂಗಡಿಯ ಸೀರೆ ಬಣ್ಣ ಬಿಡುತ್ತದೆ ಎಂಬುದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಬರೆದೂ ತಿಳಿಸುತ್ತೇವೆ. ನಮ್ಮದೇ ತೆರಿಗೆಯಿಂದ ನಡೆಯುವ, ಎಲ್ಲರಿಗೂ ಬಾಗಿಲು ತೆರೆದಿರುವ ಓದುವ ಮನೆ ಹೇಗಿದೆ ಎಂಬುದನ್ನು ಅಷ್ಟು ಕಾಳಜಿಯಿಂದ ಬರೆದದ್ದನ್ನು ನಾನು ಹೆಚ್ಚು ಕಂಡಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಶಾಖೆಯ ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮುಂದೆ ಹೇಳಲಿರುವ ಕೊರತೆಗಳ ಹೊರೆ ಅಲ್ಲಿ ಒಬ್ಬರೇ ನಿಂತು ಎಲ್ಲ ಕೆಲಸ ಮಾಡುವ ಗ್ರಂಥಪಾಲಕರ ಹೆಗಲಿಗೆ ಬೀಳುವುದು ನ್ಯಾಯವಲ್ಲ.

ಮೊದಲು ಜಾಗದ ವಿವರ. ಹಂಚಿನ ಮಾಡಿನ ಹಳೆಯ ಕಟ್ಟಡ, ಮುಂದೊಂದು ಪಡಸಾಲೆ, ಒಳಗೆ ಎರಡು ಕೋಣೆ. ಪಡಸಾಲೆಯಲ್ಲಿ ದಿನಪತ್ರಿಕೆಗಳನ್ನು ಹರಡಿಡುವ ಇಳಿಜಾರಿನ ಕಟ್ಟಿಗೆಯ ಮೇಜು ಇದೆ. ನಿಂತು ಓದುವವರು ಅಲ್ಲಿ ನಿಲ್ಲುತ್ತಾರೆ, ಕುಳಿತು ಓದಬೇಕಾದವರು ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂಡುತ್ತಾರೆ. ಮೊದಲ ಕೋಣೆಯಲ್ಲಿ ಮೂರು ಉದ್ದನೆಯ ಮೇಜು ಮತ್ತು 36 ಕುರ್ಚಿಗಳು. ಅವುಗಳಲ್ಲಿ ಐದರ ಬೆತ್ತ ಹರಿದು ಜೋತು ಬಿದ್ದಿದೆ. ಫ್ಯಾನುಗಳು ನಾಲ್ಕು, ತಿರುಗುವುದು ಮೂರು. ಎರಡನೆಯ ಕೋಣೆ ಪುಸ್ತಕಗಳದ್ದು, ಅಲ್ಲಿ ಉಕ್ಕಿನ ರ್‍ಯಾಕುಗಳ ನಡುವೆ ಇಬ್ಬರು ಎದುರು ಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಬಾಗಿಲ ಬಳಿ ಹಾಜರಿ ಪುಸ್ತಕ, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಹೆಸರು ಬರೆದು, ಸಮಯ ಹಾಕಿ, ಸಹಿ ಮಾಡಿದರೆ ಮುಗಿಯಿತು. ಯಾವ ಕೆಲಸಕ್ಕೆ ಬಂದಿರಿ, ಎಷ್ಟು ಹೊತ್ತು ಕೂಡುತ್ತೀರಿ, ಸದಸ್ಯರೇ ಅಲ್ಲವೇ ಎಂಬ ಪ್ರಶ್ನೆ ಇಲ್ಲ.

ಪ್ರಶ್ನೆ ಕೇಳದೆ ಒಳಗೆ ಬಿಡುವ ಆ ಗುಣವೇ ಈ ಗ್ರಂಥಾಲಯದ ಅತಿ ದೊಡ್ಡ ಸೇವೆ ಎಂದು ನನಗೆ ಮನದಟ್ಟಾದದ್ದು ಹೋದ ಮಳೆಗಾಲದಲ್ಲಿ. ಧಾರವಾಡದ ಜುಲೈ ಮಳೆಯನ್ನು ಬಲ್ಲವರಿಗೆ ಅದು ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂಬುದು ಗೊತ್ತು. ಸಂಜೆ ಐದರ ಸುಮಾರಿಗೆ ಹಳ್ಳಿಯ ಹೆಣ್ಣುಮಗಳೊಬ್ಬಳು, ವಯಸ್ಸು ಅರವತ್ತರ ಹತ್ತಿರ ಇದ್ದೀತು, ಖಾಲಿಯಾದ ಕಾಯಿಪಲ್ಲೆ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಪಡಸಾಲೆಯ ಮೆಟ್ಟಿಲ ಮೇಲೆ ಬಂದು ನಿಂತಳು. ಒಳಗೆ ಹಣಿಕಿ ನೋಡಿದಳು, ಮತ್ತೆ ಹೊರಗೆ ನೋಡಿದಳು. ಗ್ರಂಥಪಾಲಕರು ತಲೆ ಎತ್ತಿ, "ಒಳಗ ಬರ್ರಿ ಯವ್ವಾ, ಅಲ್ಲ್ಯಾಕ ನಿಂತೀರಿ, ಕುಂದರ್ರಿ" ಎಂದರು. ಅವಳು ಸೆರಗಿನ ತುದಿಯ ಗಂಟಿನ ಮೇಲೆ ಕೈ ಇಟ್ಟುಕೊಂಡೇ, "ರೊಕ್ಕ ಏನರ ಕೊಡಬೇಕೇನ್ರೀ ಸಾಹೇಬರ?" ಎಂದು ಕೇಳಿದಳು. "ಏನೂ ಬ್ಯಾಡ್ರಿ. ಇದು ಎಲ್ಲಾರದೂ ಐತಿ" ಎಂದು ಅವರು ಬೆಂಚು ತೋರಿಸಿದರು. ಅವಳು ಮುಕ್ಕಾಲು ತಾಸು ಕುಳಿತಳು. ಎದುರಿನ ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಎತ್ತುಗಳ ಸಂತೆಯ ಚಿತ್ರವೊಂದನ್ನು ಬಹಳ ಹೊತ್ತು ನೋಡಿದಳು, ಪಕ್ಕದಲ್ಲಿದ್ದ ಹುಡುಗನಿಂದ ಅದರ ಕೆಳಗಿನ ಸಾಲನ್ನು ಓದಿಸಿಕೊಂಡಳು, ಮಳೆ ಸಣ್ಣಗಾದಾಗ ಪತ್ರಿಕೆಯನ್ನು ಮೊದಲಿದ್ದ ಹಾಗೆಯೇ ಮಡಚಿಟ್ಟು ಬಸ್ಸಿಗೆ ಹೋದಳು.

ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಅವಳಿ ನಗರದಲ್ಲಿ ಕುಳಿತುಕೊಳ್ಳಲು ರೊಕ್ಕ ಕೊಡಬೇಕಾಗಿಲ್ಲದ ಜಾಗಗಳನ್ನು ಎಣಿಸಲು ಹೊರಟರೆ ಗುಡಿ, ಮಠ, ಬಸ್ ನಿಲ್ದಾಣ, ಕೆರೆಯ ದಂಡೆ ಎಂದು ಹೇಳಬಹುದು. ಆದರೆ ತಲೆಯ ಮೇಲೆ ಸೂರು, ಕೆಳಗೆ ಕುರ್ಚಿ, ಮುಂದೆ ಮೇಜು, ಓದಲು ಬೆಳಕು, ಜಾತಿ ಮತ ಕೇಳದ ಬಾಗಿಲು ಇವೆಲ್ಲ ಒಂದೇ ಕಡೆ ಇರುವುದು ಗ್ರಂಥಾಲಯದಲ್ಲಿ. ಚಹಾದ ಅಂಗಡಿಯಲ್ಲಿ ಚಹಾ ಮುಗಿದ ಮೇಲೆ ಎದ್ದೇಳಬೇಕು. ಇಲ್ಲಿ ಏಳಬೇಕಾದ್ದು ಬಾಗಿಲು ಹಾಕುವ ಹೊತ್ತಿಗೆ.

ಹಾಗೆಂದು ಇದನ್ನು ಯಾರೋ ನಮಗೆ ದಾನವಾಗಿ ಕೊಟ್ಟದ್ದೆಂದು ತಿಳಿಯುವುದು ತಪ್ಪು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಸೇರುತ್ತದೆ, ಅದರ ಪ್ರಮಾಣ ಈಗ ರೂಪಾಯಿಗೆ 6 ಪೈಸೆ. ಮನೆಯ ತೆರಿಗೆ ಕಟ್ಟಿದ ಪಾವತಿಯನ್ನು ಮನೆಯಲ್ಲಿ ಹುಡುಕಿ ನೋಡಿ: ಆರೋಗ್ಯ ಕರ, ಭಿಕ್ಷುಕರ ಪುನರ್ವಸತಿಯ ಕರ ಇವುಗಳ ಸಾಲಿನಲ್ಲಿಯೇ ಗ್ರಂಥಾಲಯ ಕರವೂ ಇರುತ್ತದೆ. 3,000 ರೂಪಾಯಿ ತೆರಿಗೆ ಇರುವ ಮನೆಯಿಂದ ಗ್ರಂಥಾಲಯಕ್ಕೆ ವರ್ಷಕ್ಕೆ 180 ರೂಪಾಯಿ ಹೋಗುತ್ತದೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಪುಸ್ತಕ, ಪತ್ರಿಕೆ, ಬಾಡಿಗೆ, ದುರಸ್ತಿ ಇವೆಲ್ಲ ಬಹುಪಾಲು ಆ ಹಣವನ್ನೇ ನೆಚ್ಚಿಕೊಂಡಿವೆ. ಸ್ವಂತ ಮನೆ ಇಲ್ಲದವರೂ ಇದರಿಂದ ಹೊರಗಿಲ್ಲ, ಏಕೆಂದರೆ ಮಾಲೀಕರು ಕಟ್ಟುವ ತೆರಿಗೆ ಬಾಡಿಗೆಯೊಳಗೆ ಸೇರಿಯೇ ಇರುತ್ತದೆ. ಆದ್ದರಿಂದ ಹರಿದ ಬೆತ್ತದ ಕುರ್ಚಿಯ ಬಗ್ಗೆ ಕೇಳುವ ಹಕ್ಕು ನಮಗೆ ಪೂರ್ತಿಯಾಗಿ ಇದೆ, ಹಾಗೂ ಪುಕ್ಕಟೆ ಸಿಗುವುದಕ್ಕೆ ಇಷ್ಟೇ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಧಾರವಾಡದ ಮಟ್ಟಿಗೆ ಗ್ರಂಥಾಲಯದ ವಿಮರ್ಶೆ ಎಂದರೆ ಸ್ಪರ್ಧಾತ್ಮಕ ಪರೀಕ್ಷೆಗಳ ಮಾತನ್ನು ಆಡಲೇಬೇಕು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಗದಗ, ಹಾವೇರಿ ಜಿಲ್ಲೆಗಳಿಂದ ಸಾವಿರಾರು ಮಕ್ಕಳು ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಂದು ಇಲ್ಲಿಗೆ ಬರುತ್ತಾರೆ. ಊರಿನ ಸಪ್ತಾಪುರ ಬಡಾವಣೆಯ ಸುತ್ತಮುತ್ತ ಒಂದು ಸಣ್ಣ ಕೋಣೆಯಲ್ಲಿ ಮೂವರು ನಾಲ್ವರು ಇರುತ್ತಾರೆ; ಒಬ್ಬ ಮಲಗಿದರೆ ಇನ್ನೊಬ್ಬ ದೀಪ ಆರಿಸಬೇಕು. ಅವರಿಗೆ ತರಗತಿಗಿಂತಲೂ ಮೊದಲು ಬೇಕಾದದ್ದು ಕೂಡಲು ಒಂದು ಜಾಗ. ಆ ಕೊರತೆಯಿಂದಲೇ ಇಲ್ಲಿ ಖಾಸಗಿ ಓದುವ ಕೋಣೆಗಳು ಹುಟ್ಟಿಕೊಂಡಿವೆ. ಫಲಕದ ಮೇಲೆ ‘ಲೈಬ್ರರಿ’ ಎಂದೇ ಬರೆದಿರುತ್ತದೆ; ಒಳಗೆ ಹೋದರೆ ಒಂದೂ ಪುಸ್ತಕ ಇರುವುದಿಲ್ಲ, ಪ್ಲೈವುಡ್ಡಿನಿಂದ ಮಾಡಿದ ಗೂಡುಗಳಿರುತ್ತವೆ, ಪ್ರತಿ ಗೂಡಿಗೂ ಒಂದು ದೀಪ, ಒಂದು ಪ್ಲಗ್ಗು, ತಿಂಗಳ ಬಾಡಿಗೆ. ನಾನೂ ಎರಡು ತಿಂಗಳು 800 ರೂಪಾಯಿಯಂತೆ ಕೊಟ್ಟು ಅಂಥ ಒಂದರಲ್ಲಿ ಓದಿದ್ದೇನೆ. ನಿಜ ಹೇಳಬೇಕೆಂದರೆ ಅಲ್ಲಿ ಅನುಕೂಲಗಳಿದ್ದವು: ರಾತ್ರಿ ಹನ್ನೊಂದರವರೆಗೆ ಬಾಗಿಲು ತೆರೆದಿರುತ್ತಿತ್ತು, ಶೌಚಾಲಯ ಶುಚಿಯಾಗಿತ್ತು, ಕುಡಿಯುವ ನೀರು ಇತ್ತು, ನನ್ನ ಪುಸ್ತಕಗಳನ್ನು ಅಲ್ಲಿಯೇ ಬಿಟ್ಟು ಬರಬಹುದಾಗಿತ್ತು. ಮೂರನೆಯ ತಿಂಗಳು ಮನೆಯಿಂದ ರೊಕ್ಕ ತಡವಾಗಿ ಬಂತು. ಒಂದನೆಯ ತಾರೀಖು ದಾಟಿ ನಾಲ್ಕನೆಯ ದಿನ ಹೋದಾಗ ನನ್ನ ಗೂಡಿನಲ್ಲಿ ಬೇರೆಯವರು ಕುಳಿತಿದ್ದರು, ನನ್ನ ಪುಸ್ತಕಗಳು ಕೈಚೀಲದಲ್ಲಿ ಬಾಗಿಲ ಬಳಿ ಇದ್ದವು. ಅವರ ವ್ಯವಹಾರದ ನಿಯಮ ಅದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಕೈಚೀಲ ಹಿಡಿದುಕೊಂಡು ನೇರವಾಗಿ ಹೋದದ್ದು ಈ ಶಾಖೆಗೆ. ಗ್ರಂಥಪಾಲಕರು, "ತಂಗೀ, ಕಿಟಕಿ ಕಡೆ ಒಂದು ಕುರ್ಚಿ ಖಾಲಿ ಐತಿ ನೋಡು" ಎಂದರು. ಮುಂದಿನ ಎರಡು ವರ್ಷ ಹತ್ತು ತಿಂಗಳು ನಾನು ಆ ಕಿಟಕಿಯ ಬಳಿಯೇ ಓದಿದೆ.

ಈ ಋಣ ನನ್ನ ಮೇಲಿದೆ. ಆದರೂ ಈಗ ಅದೇ ಕೋಣೆಯಲ್ಲಿ ನಡೆಯುತ್ತಿರುವುದನ್ನು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಮೊದಲೇ ಹದಿನೈದಿಪ್ಪತ್ತು ಜನ ನಿಂತಿರುತ್ತಾರೆ. ತೆರೆದ ಐದು ನಿಮಿಷಗಳಲ್ಲಿ 36 ಕುರ್ಚಿಗಳ ಮೇಲೂ ಒಂದೊಂದು ಬ್ಯಾಗು, ನೀರಿನ ಬಾಟಲಿ, ಇಲ್ಲವೇ ಮಡಚಿದ ಕರವಸ್ತ್ರ ಬಿದ್ದಿರುತ್ತದೆ. ಅರ್ಧದಷ್ಟು ಕುರ್ಚಿಗಳ ಜನ ಅಲ್ಲಿರುವುದಿಲ್ಲ. ಗೆಳೆಯರು ಅವರ ಹೆಸರಿನಲ್ಲಿ ಜಾಗ ಹಿಡಿದಿರುತ್ತಾರೆ, ಅವರು ನಾಷ್ಟಾ ಮುಗಿಸಿ ಹತ್ತು ಗಂಟೆಗೆ ಬರುತ್ತಾರೆ. ಆ ಹೊತ್ತಿನಲ್ಲಿ ಬರುವ ಹಿರಿಯರೊಬ್ಬರಿದ್ದಾರೆ. ನಿವೃತ್ತ ಅಂಚೆ ನೌಕರರು, ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ, ಕೈಯಲ್ಲಿ ಭೂತಗನ್ನಡಿ. ಅವರು ದಿನಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಬಗ್ಗಿ, ಒಂದೊಂದೇ ಕಾಲಂ ಓದಬೇಕು. ಬೆಂಚಿನ ಮೇಲೆ ಕುಳಿತು ಕೈಯಲ್ಲಿ ಹಿಡಿದರೆ ಅವರಿಗೆ ಕಾಣಿಸುವುದಿಲ್ಲ. ಒಂದು ದಿನ ಅವರು ಬ್ಯಾಗು ಇಟ್ಟಿದ್ದ ಕುರ್ಚಿಯ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಿಂತದ್ದನ್ನು ನಾನೇ ಕಂಡೆ. ಬ್ಯಾಗನ್ನು ಕೆಳಗಿಡಲು ಅವರ ಕೈ ಹೋಗಲಿಲ್ಲ. "ಪಾಪ, ಹುಡುಗೂರು ಪರೀಕ್ಷಾಕ್ಕ ಓದಾಕತ್ತಾವ, ಅವರ ಜೀವನದ ಪ್ರಶ್ನೆ ಐತಿ" ಎಂದು ನನಗೇ ಸಮಾಧಾನ ಹೇಳಿದರು.

ಹುಡುಗರದ್ದೂ ತಪ್ಪಿಲ್ಲ, ಅಜ್ಜಾರದ್ದಂತೂ ಇಲ್ಲವೇ ಇಲ್ಲ. ಒಂದು ಕಾಲದಲ್ಲಿ ನಾನೂ ಗೆಳತಿಯ ಹೆಸರಿನಲ್ಲಿ ಕರವಸ್ತ್ರ ಹಾಕಿದವಳೇ. ಆದರೆ ಸಾರ್ವಜನಿಕ ಗ್ರಂಥಾಲಯ ಪರೀಕ್ಷೆಯ ಕೋಣೆಯಾಗಿ ಉಳಿದುಬಿಟ್ಟರೆ ಕಾಯಿಪಲ್ಲೆ ಮಾರುವ ಯವ್ವ, ಭೂತಗನ್ನಡಿಯ ಅಜ್ಜ, ಚಿತ್ರದ ಪುಸ್ತಕ ಹುಡುಕುವ ಮಗು, ಇವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಾರೆ, ಮತ್ತು ಅವರು ನಿಲ್ಲಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಪಡಸಾಲೆಯ ಮೇಜಿನ ಬಳಿ ಆರು ಕುರ್ಚಿಗಳನ್ನು ಪತ್ರಿಕೆ ಓದುವವರಿಗೆ ಮೀಸಲಿಟ್ಟು, ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಮನುಷ್ಯರಿಲ್ಲದ ಕುರ್ಚಿಯ ಬ್ಯಾಗನ್ನು ಕೌಂಟರಿಗೆ ತಂದಿಡುವ ನಿಯಮವನ್ನು ಗೋಡೆಗೆ ಹಚ್ಚಿದರೆ ಸಾಕು. ಪರೀಕ್ಷೆಗೆ ಓದುವವರ ಸಂಖ್ಯೆಗೆ ತಕ್ಕ ಜಾಗವನ್ನು ಪ್ರತ್ಯೇಕವಾಗಿ ಒದಗಿಸುವುದು ಸರ್ಕಾರದ ಕೆಲಸ, ಅದನ್ನು 36 ಕುರ್ಚಿಗಳ ಒಂದು ಶಾಖೆಯ ಮೇಲೆ ಹೊರಿಸಲಾಗದು.

ಎರಡನೆಯ ಕೊರತೆಯನ್ನು ಹೇಳುವಾಗ ನನಗೆ ಇನ್ನೂ ಹೆಚ್ಚು ನೋವಾಗುತ್ತದೆ. ಈ ಶಾಖೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ. ಹಿತ್ತಲಿನಲ್ಲಿ ಒಂದು ಇದೆ. ಅದರ ಅಗಳಿ ಮುರಿದು ಬಹಳ ದಿನವಾಯಿತು, ನೀರು ಬರುವುದು ವಾರಕ್ಕೆ ಕೆಲವು ದಿನ. ಓದುವ ದಿನಗಳಲ್ಲಿ ನಾನು ಮತ್ತು ನನ್ನ ಗೆಳತಿಯರು ಬೆಳಿಗ್ಗೆ ನೀರು ಕುಡಿಯದೆ ಬರುತ್ತಿದ್ದೆವು. ಅದು ಆಗ ನಮಗೆ ವಿಶೇಷ ಅನ್ನಿಸಲೇ ಇಲ್ಲ; ಎಲ್ಲ ಹುಡುಗಿಯರೂ ಹಾಗೆಯೇ ಮಾಡುತ್ತಿದ್ದರು. ಆಮೇಲೆ ಉರಿಮೂತ್ರವಾಗಿ ವೈದ್ಯರ ಬಳಿ ಹೋದಾಗ ಅವರು ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದರು, ನನಗೆ ಉತ್ತರ ಹೇಳಲು ನಾಚಿಕೆಯಾಯಿತು. ಈಗ ಮಗಳನ್ನು ಕರೆದುಕೊಂಡು ಹೋದರೆ ಒಂದು ತಾಸಿಗೆ ಎಬ್ಬಿಸಿಕೊಂಡು ಬರಬೇಕು. ಮೊನ್ನೆ ಹಾಜರಿ ಪುಸ್ತಕದ ಒಂದು ಪುಟವನ್ನು ನೋಡಿದೆ: 25 ಸಾಲುಗಳಲ್ಲಿ ಹೆಣ್ಣುಮಕ್ಕಳ ಹೆಸರು ನಾಲ್ಕು. ಹೆಣ್ಣುಮಕ್ಕಳಿಗೆ ಓದುವ ಹವ್ಯಾಸ ಕಡಿಮೆ ಎಂದು ಆ ಪುಟವನ್ನು ನೋಡಿ ಯಾರಾದರೂ ಹೇಳಿದರೆ, ಅವರನ್ನು ಹಿತ್ತಲಿನ ಆ ಬಾಗಿಲವರೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಸಮಯದ ಮಾತೂ ಇದಕ್ಕೇ ಹೊಂದಿಕೊಂಡಿದೆ. ಶಾಖೆ ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದೂವರೆಯವರೆಗೆ, ಮತ್ತೆ ಸಂಜೆ ನಾಲ್ಕರಿಂದ ಎಂಟರವರೆಗೆ ತೆರೆದಿರುತ್ತದೆ. ಮನೆಯಲ್ಲಿರುವ ಹೆಣ್ಣುಮಕ್ಕಳ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ಹನ್ನೊಂದರವರೆಗೆ ಅಡಿಗೆ, ಡಬ್ಬಿ, ಬಟ್ಟೆ. ಸಂಜೆ ನಾಲ್ಕೂವರೆಗೆ ಮಕ್ಕಳು ಶಾಲೆಯಿಂದ ಬರುತ್ತಾರೆ, ಆರರ ಮೇಲೆ ಮತ್ತೆ ಒಲೆ. ಅವರಿಗೆ ಬಿಡುವಿರುವುದು ಹನ್ನೆರಡರಿಂದ ಮೂರೂವರೆಯವರೆಗೆ, ಸರಿಯಾಗಿ ಗ್ರಂಥಾಲಯಕ್ಕೆ ಬೀಗ ಬಿದ್ದಿರುವ ಹೊತ್ತು. ನನ್ನ ಅತ್ತೆಯವರು ಓದುವುದರಲ್ಲಿ ನನಗಿಂತ ಮುಂದು. ಅವರು ಈ ಶಾಖೆಯೊಳಗೆ ಇದುವರೆಗೆ ಕಾಲಿಟ್ಟಿಲ್ಲ, ಪುಸ್ತಕಗಳನ್ನು ನಾನೇ ಒಯ್ದು ಕೊಡುತ್ತೇನೆ. ಇನ್ನೊಬ್ಬರು ಸಿಬ್ಬಂದಿ ಸಿಕ್ಕರೆ ಮಧ್ಯಾಹ್ನವೂ ತೆರೆಯಬಹುದು ಎಂದು ಗ್ರಂಥಪಾಲಕರು ಹೇಳುತ್ತಾರೆ, ಅದು ಅವರ ಕೈಯಲ್ಲಿಲ್ಲ. ಯುನೆಸ್ಕೋದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಈ ಸೇವೆ ತಾತ್ವಿಕವಾಗಿ ಉಚಿತವಾಗಿರಬೇಕೆಂದು 1994ರಲ್ಲಿ ಸ್ಪಷ್ಟವಾಗಿ ಹೇಳಿತು. ನನ್ನ ಅನುಭವದಲ್ಲಿ ಶುಲ್ಕ ಇಲ್ಲದಿರುವುದರ ಜೊತೆಗೆ ತೆರೆದಿರುವ ಹೊತ್ತು ಮತ್ತು ಅಗಳಿ ಇರುವ ಶೌಚಾಲಯ ಇವೆರಡೂ ಸೇರಿದಾಗಲೇ ಒಂದು ಜಾಗ ಎಲ್ಲರದೂ ಆಗುತ್ತದೆ.

ಇನ್ನು ಪುಸ್ತಕಗಳು. ಈ ಭಾಗದ ಬಗ್ಗೆ ನನಗೆ ದೂರಿಗಿಂತ ಪ್ರೀತಿಯೇ ಹೆಚ್ಚು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ಇದೆ. ಅದನ್ನು ಕಪ್ಪು ಶಾಯಿಯಲ್ಲಿ ಬರೆದ ಬಿಳಿ ಚೀಟಿ ಅಂಟಿಸಿದ ಬೆನ್ನುಗಳು ಇಲ್ಲಿ ನಾಲ್ಕು ರ್‍ಯಾಕುಗಳ ತುಂಬ ಇವೆ. ಗ್ರಂಥಾಲಯಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮುದ್ರೆ ಬಿದ್ದ ಪುಸ್ತಕಗಳೂ ಬೇಕಾದಷ್ಟಿವೆ. ಹಳೆಯ ‘ಕಸ್ತೂರಿ’ ಮಾಸಪತ್ರಿಕೆಯ ಬೈಂಡು ಹಾಕಿದ ಸಂಪುಟಗಳು ಮೇಲಿನ ಸಾಲಿನಲ್ಲಿವೆ, ಕೇಳಿದರೆ ಏಣಿ ಹಾಕಿ ತೆಗೆದುಕೊಡುತ್ತಾರೆ. ಹೊಸ ಪುಸ್ತಕಗಳು ಮಾತ್ರ ತಡವಾಗಿ ಬರುತ್ತವೆ. ಇಲಾಖೆಯ ಸಗಟು ಖರೀದಿಯ ಪಟ್ಟಿಯಲ್ಲಿ ಆಯ್ಕೆಯಾಗಿ, ಬಂಡಲಾಗಿ ಬಂದು, ಸಂಖ್ಯೆ ಬಿದ್ದು ರ್‍ಯಾಕಿಗೆ ಏರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಮಕ್ಕಳ ಪುಸ್ತಕಗಳಂತೂ ತೀರ ಕಡಿಮೆ. ಇರುವವು ಕೈಯಿಂದ ಕೈಗೆ ಹೋಗಿ ಸವೆದಿವೆ, ಹಲವಕ್ಕೆ ಮೊದಲ ಪುಟವಿಲ್ಲ.

ಮೂರು ವರ್ಷಗಳ ಹಿಂದೆ ಜಾನಪದದ ರ್‍ಯಾಕಿನ ಕೆಳಗಿನ ಸಾಲಿನಲ್ಲಿ, ಗೋಡೆಗೆ ತಾಗಿದ ಮೂಲೆಯಲ್ಲಿ, ಹಂತಿ ಪದಗಳ ಸಂಗ್ರಹವೊಂದು ಸಿಕ್ಕಿತು. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸುತ್ತಾ ರಾತ್ರಿಯಿಡೀ ಹಾಡುತ್ತಿದ್ದ ಹಾಡುಗಳು ಅವು. ನನ್ನ ಅಪ್ಪ ಹಾಡುತ್ತಿದ್ದರು; ಯಂತ್ರ ಬಂದು ಕಣ ಹೋಯಿತು, ಹಾಡೂ ಹೋಯಿತು. ಪುಸ್ತಕದ ಕೊನೆಯಲ್ಲಿ ಅಂಟಿಸಿದ ದಿನಾಂಕದ ಚೀಟಿಯಲ್ಲಿ ಮೊದಲ ಮುದ್ರೆ 1987ರದು, ಆಮೇಲೆ 1994, ಆಮೇಲೆ 2003. ಅಲ್ಲಿಂದ ಮುಂದೆ ಖಾಲಿ. ನಾಲ್ಕನೆಯ ಮುದ್ರೆ ನನ್ನದು. ಊರಿಗೆ ಒಯ್ದು ಅಪ್ಪನ ಮುಂದೆ ಒಂದು ಪದದ ಮೊದಲ ಸಾಲು ಓದಿದೆ. ಎರಡನೆಯ ಸಾಲನ್ನು ಅವರು ಕಣ್ಣು ಮುಚ್ಚಿಕೊಂಡು ಹೇಳಿದರು, ಮೂರನೆಯದನ್ನೂ ಹೇಳಿದರು, ಪುಸ್ತಕದಲ್ಲಿ ಇಲ್ಲದ ಇನ್ನೆರಡು ನುಡಿಗಳನ್ನೂ ಹೇಳಿದರು. ಅವನ್ನು ಬರೆದುಕೊಂಡಿದ್ದೇನೆ. ಪ್ರತಿ ಓದುಗನಿಗೂ ಅವನ ಪುಸ್ತಕ ಇದೆ, ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಸೂತ್ರವಾಗಿ ಬರೆದರು. ಹದಿನೆಂಟು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ರದ್ದಿಗೆ ಹಾಕದೆ ಮೂಲೆಯಲ್ಲಿ ಕಾಪಾಡಿಕೊಂಡು ಬಂದದ್ದಕ್ಕೆ ನಾನು ಈ ಶಾಖೆಗೆ ಕೃತಜ್ಞಳಾಗಿದ್ದೇನೆ. ಮಾರುಕಟ್ಟೆಯ ಅಂಗಡಿಗೆ ಹಾಗೆ ಕಾಯಲು ಸಾಧ್ಯವಿಲ್ಲ.

ಮನೆಗೆ ಪುಸ್ತಕ ಒಯ್ಯಲು ಸದಸ್ಯತ್ವ ಬೇಕು. ಅರ್ಜಿ, ಗುರುತಿನ ದಾಖಲೆ, ಮರಳಿ ಸಿಗುವ ಸಣ್ಣ ಠೇವಣಿ ಇಷ್ಟೇ ಕೆಲಸ. 2020ರಲ್ಲಿ ಆರಂಭವಾದ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು, ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಬಳಸುತ್ತಾರೆ. ಅದು ಉಪಯುಕ್ತವೇ, ಆದರೆ ಓದಲು ಶಾಂತವಾದ ಮೂಲೆ ಇಲ್ಲದ ಮನೆಯ ಮಗುವಿಗೆ ಮೊಬೈಲು ಆ ಮೂಲೆಯನ್ನು ಕೊಡಲಾರದು.

ಮಕ್ಕಳ ವಿಷಯದಲ್ಲಿ ನಗರದ ಶಾಖೆಗಿಂತ ನನ್ನ ತವರೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ಮುಂದಿದೆ ಎಂದು ಹೇಳಲೇಬೇಕು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ಅದರ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿದೆ. ದಸರೆಯ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋದಾಗ ಅಲ್ಲಿ ಚಾಪೆಯ ಮೇಲೆ ಎಂಟು ಹತ್ತು ಮಕ್ಕಳು ಕುಳಿತಿದ್ದರು. ಇಬ್ಬರು ಚೆಸ್ ಆಡುತ್ತಿದ್ದರು, ಒಬ್ಬ ಹುಡುಗಿ ಗಟ್ಟಿಯಾಗಿ ಕಥೆ ಓದುತ್ತಿದ್ದಳು, ಅವಳಿಗಿಂತ ಚಿಕ್ಕವರು ಕೇಳುತ್ತಿದ್ದರು. ಯಾರೂ ಸುಮ್ಮನಿರು ಎನ್ನಲಿಲ್ಲ. ನನ್ನ ಮಗಳು ಹತ್ತು ನಿಮಿಷದಲ್ಲಿ ಆ ಗುಂಪಿನೊಳಗೆ ಸೇರಿದಳು, ಸಂಜೆ ಎಬ್ಬಿಸಿಕೊಂಡು ಬರುವುದು ಕಷ್ಟವಾಯಿತು. ಧಾರವಾಡಕ್ಕೆ ಮರಳಿದ ಮೇಲೆ ಶಾಖೆಯಲ್ಲಿ ಅವಳು ಒಂದು ಸಾಲನ್ನು ಗಟ್ಟಿಯಾಗಿ ಓದಿದಾಗ ಮೇಜಿನ ಸುತ್ತಲಿನ ಎಲ್ಲ ತಲೆಗಳೂ ಎದ್ದವು, ಅವಳು ಪುಸ್ತಕ ಮುಚ್ಚಿಬಿಟ್ಟಳು. ಪುಸ್ತಕದ ಕೋಣೆಯ ಮೂಲೆಯಲ್ಲಿ ಹಳೆಯ ಫೈಲುಗಳ ಕಟ್ಟು ಇಟ್ಟಿರುವ ಜಾಗವಿದೆ. ಅದನ್ನು ತೆರವು ಮಾಡಿ ಜಮಖಾನೆ ಹಾಸಿದರೆ ಹತ್ತು ಮಕ್ಕಳು ಆರಾಮಾಗಿ ಕೂಡಬಹುದು. ನಾನು ಅಡಿ ಅಳೆದು ನೋಡಿದ್ದೇನೆ, ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ.

ಈ ಊರಿಗೆ ಇಂಥದ್ದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ ಇಲ್ಲಿ 1890ರಲ್ಲಿ ಹುಟ್ಟಿತು, ‘ಕರ್ಮವೀರ’ ಪತ್ರಿಕೆ 1921ರಲ್ಲಿ ಇಲ್ಲಿಂದ ಹೊರಟಿತು, 1933ರಲ್ಲಿ ಆರಂಭವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಕುಳಿತು ಮಾತಾಡಿದವರಿಂದ ಕನ್ನಡಕ್ಕೆ ಎಷ್ಟೋ ಪುಸ್ತಕಗಳು ಬಂದವು. ಜನ ಒಂದೆಡೆ ಕೂಡಿ ಓದುವುದು, ಓದಿದ್ದರ ಬಗ್ಗೆ ಮಾತಾಡುವುದು ಧಾರವಾಡದ ಹಳೆಯ ರೂಢಿ. ನಮ್ಮ ಶಾಖೆಯ ಪಡಸಾಲೆಯಲ್ಲಿ ಸಂಜೆ ಏಳರ ಮೇಲೆ ಈಗಲೂ ನಾಲ್ಕೈದು ಜನ ಹಿರಿಯರು ತಗ್ಗಿದ ದನಿಯಲ್ಲಿ ಸಂಪಾದಕೀಯದ ಬಗ್ಗೆ ವಾದ ಮಾಡುತ್ತಾರೆ, "ಒಳಗಿನ ಹಾಳಿ ಇತ್ತ ಕೊಡ್ರಿ" ಎಂದು ಒಂದೇ ಪತ್ರಿಕೆಯನ್ನು ನಾಲ್ಕು ಭಾಗ ಮಾಡಿಕೊಂಡು ಓದುತ್ತಾರೆ. ಗ್ರಂಥಪಾಲಕರು ಅವರನ್ನು ತಡೆಯುವುದಿಲ್ಲ. ಅದನ್ನು ಗದ್ದಲವೆಂದು ಎಣಿಸದ ಅವರ ವಿವೇಕ ನನಗೆ ಬಹಳ ಮೆಚ್ಚುಗೆಯಾಗಿದೆ.

ಹೋಗುವವರಿಗೆ ಕೆಲವು ಮಾತು. ಸೋಮವಾರ ಮತ್ತು ತಿಂಗಳ ಎರಡನೆಯ ಮಂಗಳವಾರ ರಜೆ. ಪತ್ರಿಕೆ ಓದಲು ಸಂಜೆ ಆರರ ನಂತರ ಹೋದರೆ ಜಾಗ ಸಿಗುತ್ತದೆ. ಮಕ್ಕಳನ್ನು ಕರೆದೊಯ್ಯಲು ಭಾನುವಾರ ಸಂಜೆ ನಾಲ್ಕು ಗಂಟೆ ಒಳ್ಳೆಯದು. ಪರೀಕ್ಷೆಗೆ ಓದುವ ಹುಡುಗರು ಅಂದು ತಡವಾಗಿ ಬರುತ್ತಾರೆ. ಕುಡಿಯುವ ನೀರು ಒಯ್ಯಿರಿ. ಬಾಗಿಲಲ್ಲಿ ಹೆಸರು ಬರೆಯುವುದನ್ನು ಮರೆಯಬೇಡಿ: ಎಷ್ಟು ಜನ ಬಂದರು ಎಂಬುದಕ್ಕೆ ಶಾಖೆಯ ಬಳಿ ಇರುವ ಲೆಕ್ಕ ಆ ಸಹಿಗಳೇ, ಇನ್ನೊಬ್ಬ ಸಿಬ್ಬಂದಿಯನ್ನೋ ಹತ್ತು ಕುರ್ಚಿಗಳನ್ನೋ ಕೇಳುವಾಗ ಅವರು ತೋರಿಸಬೇಕಾದ್ದೂ ಅದನ್ನೇ. ಹೆಣ್ಣುಮಕ್ಕಳು ತಪ್ಪದೆ ಬರೆಯಬೇಕು.

ಕೌಂಟರಿನ ಎಡಕ್ಕೆ ಹಸಿರು ರಟ್ಟಿನ ಸಲಹಾ ಪುಸ್ತಕವಿದೆ. ಅದರಲ್ಲಿ ನಾನು ಆಗಸ್ಟ್ ತಿಂಗಳಲ್ಲಿ ಹಿತ್ತಲಿನ ಬಾಗಿಲಿಗೆ ಅಗಳಿ, ಮಕ್ಕಳಿಗೆ ಮೂಲೆ, ಪತ್ರಿಕೆ ಓದುವವರಿಗೆ ಆರು ಕುರ್ಚಿ ಎಂದು ಮೂರು ಬೇಡಿಕೆ ಬರೆದೆ. ಹೋದ ಭಾನುವಾರ ತೆರೆದು ನೋಡಿದಾಗ ಮೊದಲನೆಯದರ ಮುಂದೆ ಪೆನ್ಸಿಲಿನಲ್ಲಿ ‘ಬಡಿಗೇರರಿಗೆ ಹೇಳಿದೆ’ ಎಂದಿತ್ತು, ಉಳಿದ ಎರಡರ ಮುಂದೆ ಏನೂ ಇರಲಿಲ್ಲ. ಕೆಳಗೆ ಇನ್ನೊಬ್ಬರ ಕೈಬರಹದಲ್ಲಿ, ನಡುಗುವ ಅಕ್ಷರಗಳಲ್ಲಿ, ‘ಆರು ಕುರ್ಚಿ ಬೇಕೇ ಬೇಕು’ ಎಂಬ ಸಾಲು ಸೇರಿತ್ತು.